ಮೂರು ಸಾವಿರದೊಳಗಿನ ಕೋಲು

ಪೂಲ್ ಪಾರ್ಲರಿನ ಗೋಡೆಗೆ ನಿಲ್ಲಿಸಿರುವ ಸ್ಟಿಕ್ಕುಗಳನ್ನು ಯಾವತ್ತಾದರೂ ಗಮನವಿಟ್ಟು ನೋಡಿದ್ದೀರಾ? ಪೂಲ್ ಅಂದರೆ ಉದ್ದನೆಯ ಕೋಲಿನಿಂದ ಮೇಜಿನ ಮೇಲಿನ ಚೆಂಡು ಗುದ್ದಿ ತೂತಿಗೆ ಬೀಳಿಸುವ ಆಟ, ಆ ಕೋಲೇ ಸ್ಟಿಕ್. ಡೊಂಬಿವಲಿ, ಠಾಣೆ, ಅಂಧೇರಿ, ಎಲ್ಲಿಗೇ ಹೋಗಿ, ಕತೆ ಒಂದೇ. ಒಂದರ ತುದಿ ಚಪ್ಪಟೆಯಾಗಿ ಅಂಚು ಹೊರಗೆ ಬಂದಿರುತ್ತದೆ. ಇನ್ನೊಂದರಲ್ಲಿ ತುದಿಯ ಚರ್ಮವೇ ಹಾರಿಹೋಗಿರುತ್ತದೆ. ಮತ್ತೊಂದು ಮುಟ್ಟಿದರೆ ಅಂಟಂಟು. ಎಲ್ಲದರ ನಡುವೆ ಒಂದು ಒಳ್ಳೆಯ ಸ್ಟಿಕ್ ಇದ್ದೇ ಇರುತ್ತದೆ. ಅದನ್ನು ಪಕ್ಕದ ಟೇಬಲಿನವನು ಆಗಲೇ ಹಿಡಿದುಕೊಂಡು ನಿಂತಿರುತ್ತಾನೆ.

ಪಾರ್ಲರಿನವರನ್ನು ಬೈದು ಪ್ರಯೋಜನ ಇಲ್ಲ. ದಿನಕ್ಕೆ ನೂರು ಕೈ ಹಿಡಿಯುವ ಸಾಮಾನು ಅದು. ಸೋತವನು ನೆಲಕ್ಕೆ ಕುಟ್ಟುತ್ತಾನೆ, ಗೆದ್ದವನು ಗಿಟಾರ್ ಮಾಡಿಕೊಂಡು ಕುಣಿಯುತ್ತಾನೆ. ಅದಕ್ಕೇ ಅವರು ಜೋಡಣೆ ಇಲ್ಲದ, ಒಂದೇ ತುಂಡಿನ ಗಟ್ಟಿ ಕೋಲು ತಂದಿಡುತ್ತಾರೆ. ಆದರೆ ಹೊಸದಾಗಿ ಕಲಿಯುವವನಿಗೆ ಇದರಿಂದ ದೊಡ್ಡ ಗೊಂದಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೋಡಿದರೆ ನೆಲವೂ ನಿಜಕ್ಕೂ ಡೊಂಕೇ. ಚೆಂಡು ಎಡಕ್ಕೆ ಹೋಯಿತು ಅಂದರೆ ತಪ್ಪು ಕೈಯದೋ ಕೋಲಿನದೋ ಹೇಳುವವರು ಯಾರು? ನಿನ್ನೆ ಹಿಡಿದದ್ದು ಒಂದು, ಇವತ್ತು ಸಿಕ್ಕಿದ್ದು ಇನ್ನೊಂದು. ನಿನ್ನೆ ಕಲಿತದ್ದು ಇವತ್ತಿಗೆ ಬರೋದೇ ಇಲ್ಲ. ಹೊಸಬನಿಗೆ ಸ್ವಂತ ಸ್ಟಿಕ್ ಬೇಕಾಗಿರುವುದು ಇಷ್ಟಕ್ಕೇ. ಅದು ದೊಡ್ಡ ಕೋಲಾಗಬೇಕಿಲ್ಲ, ದಿನಾ ಅದೇ ಕೋಲಾಗಿದ್ದರೆ ಸಾಕು.

ನಮ್ಮ ಅಕ್ಕನ ಮಗನಿಗೆ ಈ ಹುಚ್ಚು ಹತ್ತಿದಾಗ ಅವನು ಸೀದಾ ನನ್ನ ಹತ್ತಿರ ಬಂದ. ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯಲ್ಲೇ ಆದರೂ ಮನೆಯೊಳಗೆ ಧಾರವಾಡದ ಮಾತು ಬಿಟ್ಟಿಲ್ಲ.

"ಮಾಮಾ, ನಂದೊಂದು ಸ್ಟಿಕ್ ತಗೋಬೇಕಂತ ಮಾಡೀನಿ."

"ರೊಕ್ಕ ಎಷ್ಟೈತಿ?"

"ಮೂರು ಸಾವಿರ. ಆದ್ರ ಇದು ನೋಡು."

ಮೊಬೈಲಿನಲ್ಲಿ ತೋರಿಸಿದ. ಕಾರ್ಬನ್ ಫೈಬರಿನದ್ದು, ಕರ್ರಗೆ ಮಿಂಚುತ್ತಿತ್ತು. ಆ ದುಡ್ಡಿಗೆ ಕಲ್ಯಾಣದಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತದೆ. ಇಂಥ ಕೋಲಿನ ದೊಡ್ಡ ಗುಣ ಏನು ಅಂದರೆ, ಚೆಂಡಿನ ಪಕ್ಕಕ್ಕೆ ಹೊಡೆದು ತಿರುವು ಕೊಟ್ಟಾಗ ಅದು ಹಾದಿ ತಪ್ಪುವುದು ಕಡಿಮೆ. ತಿರುವು ಕೊಡೋಕೆ ಬರುವವರಿಗೆ ಅದು ಉಪಯೋಗ. ಇವನಿಗೆ ಇನ್ನೂ ಚೆಂಡಿನ ನಡುಮಧ್ಯಕ್ಕೆ ನೆಟ್ಟಗೆ ಹೊಡೆಯೋದೇ ಸಾಹಸ. ಮೊಬೈಲ್ ಒಳಗಿಡು ಅಂದೆ.

ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆ ಇತ್ಯರ್ಥ ಆಗಬೇಕು. ಆಡೋದು ಪೂಲೋ, ಅದರ ದಾಯಾದಿ ಸ್ನೂಕರೋ? ಸ್ನೂಕರ್ ಹುಟ್ಟಿದ್ದೇ ನಮ್ಮ ದೇಶದಲ್ಲಿ. 1875ರಲ್ಲಿ ಜಬಲ್ಪುರದಲ್ಲಿ ನೆವಿಲ್ ಚೇಂಬರ್ಲೇನ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ ಅದನ್ನು ಶುರು ಮಾಡಿದ. ಮುಂದೆ ಇಂಗ್ಲೆಂಡಿನ ಪ್ರಧಾನಿಯಾದವನು ಬೇರೆ, ಹೆಸರು ಮಾತ್ರ ಒಂದೇ. ಹಾಗಾಗಿ ಸುಮ್ನೆ "ಸ್ಟಿಕ್ ಕೊಡಿ" ಅಂದರೆ ಅಂಗಡಿಯವನು ಸ್ನೂಕರಿನದ್ದನ್ನೇ ಕೈಗಿಟ್ಟರೆ ಆಶ್ಚರ್ಯ ಇಲ್ಲ. ಅದರ ಮರ ಸಾಮಾನ್ಯವಾಗಿ ಆ್ಯಶ್, ತುದಿ ಒಂಬತ್ತೂವರೆ ಹತ್ತು ಮಿಲಿಮೀಟರ್, ತುದಿಯ ಕೆಳಗೆ ಹಿತ್ತಾಳೆ. ಪೂಲಿನದ್ದು ಮೇಪಲ್, ತುದಿ ಹದಿಮೂರು ಮಿಲಿಮೀಟರಿನ ಆಸುಪಾಸು. ಸ್ನೂಕರ್ ಚೆಂಡಿನ ಅಗಲ 52.5 ಮಿಲಿಮೀಟರ್, ಅಮೆರಿಕನ್ ಪೂಲಿನದ್ದು 57ಕ್ಕಿಂತ ಚೂರು ಜಾಸ್ತಿ. ತೂಕವೂ ಹೆಚ್ಚು. ಸಣ್ಣ ತುದಿಯ ಕೋಲಿನಿಂದ ಆ ದಪ್ಪ ಚೆಂಡನ್ನು ದಿನಾ ಗುದ್ದಿದರೆ ತುದಿ ಬೇಗ ಚಪ್ಪಟೆಯಾಗುತ್ತದೆ, ಕೈಗೂ ಸಮಾಧಾನ ಸಿಗೋದಿಲ್ಲ. ಇವನ ಪಾರ್ಲರಿನಲ್ಲಿ ಇರೋದು ಪೂಲ್ ಟೇಬಲ್. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಒಂದು ಶನಿವಾರ ಸಿಎಸ್‌ಎಂಟಿಯಲ್ಲಿ ಇಳಿದು ಧೋಬಿ ತಲಾವ್ ಕಡೆಗೆ ನಡೆದೆವು. ಮೆಟ್ರೋ ಸಿನೆಮಾದ ಸುತ್ತಮುತ್ತ ಆಟದ ಸಾಮಾನಿನ ಅಂಗಡಿಗಳು ಸಾಲಾಗಿವೆ. ಕ್ರಿಕೆಟ್ ಬ್ಯಾಟುಗಳ ಮಧ್ಯೆ, ಟ್ರೋಫಿಗಳ ಹಿಂದೆ, ಮೂಲೆಯಲ್ಲಿ ಸ್ಟಿಕ್ಕುಗಳು. ನಾವು ಹೊಕ್ಕ ಅಂಗಡಿಯವನು ಒಂದಷ್ಟು ತೆಗೆದು ಗಾಜಿನ ಮೇಜಿನ ಮೇಲೆ ಹರಡಿದ. ಹುಡುಗನ ಕೈ ಹೋದದ್ದು ಹಿಡಿಯ ಮೇಲೆ ಬೆಂಕಿ ಉಗುಳುವ ಡ್ರ್ಯಾಗನ್ ಇದ್ದದ್ದರ ಮೇಲೆ. ಈ ಬೆಲೆಯ ಕೋಲುಗಳಲ್ಲಿ ಇಂಥ ಚಿತ್ತಾರ ಎಲ್ಲ ಅಂಟಿಸಿ ಮೇಲೆ ಪಾಲಿಶ್ ಹೊಡೆದದ್ದು. ಬೇರೆ ಬೇರೆ ಬಣ್ಣದ ಮರ ಕೂರಿಸಿ ಮಾಡಿದ ಕೆಲಸದ ಬೆಲೆಯೇ ಬೇರೆ. ಡ್ರ್ಯಾಗನ್ ಇದ್ದರೆ ತಪ್ಪೇನಿಲ್ಲ. ಅದಕ್ಕೆ ಐನೂರು ಜಾಸ್ತಿ ಕೇಳಿದರೆ ಮಾತ್ರ ಬೇಡ.

ಮೊದಲು ನೋಡಬೇಕಾದ್ದು ನೆಟ್ಟಗಿದೆಯೋ ಇಲ್ಲವೋ. ಎರಡು ತುಂಡನ್ನೂ ಜೋಡಿಸಿ, ಹಿಡಿಯನ್ನು ಕಣ್ಣಿಗೆ ಹತ್ತಿರ ತಂದು, ಬಡಗಿ ರೀಪು ನೋಡುವಂತೆ ಒಂದು ಕಣ್ಣು ಮುಚ್ಚಿ ತುದಿಯತನಕ ನೋಡಬೇಕು. ನಿಧಾನಕ್ಕೆ ತಿರುಗಿಸುತ್ತಾ ಹೋಗಬೇಕು. ಡೊಂಕಿದ್ದರೆ ಒಂದು ಸುತ್ತಿನಲ್ಲಿ ಎಲ್ಲೋ ಒಂದು ಕಡೆ ತುದಿ ಆಚೆ ಸರಿದ ಹಾಗೆ ಕಾಣುತ್ತದೆ. ಎಲ್ಲರೂ ಮಾಡೋದು ಇನ್ನೊಂದು, ಮೇಜಿನ ಮೇಲೆ ಉರುಳಿಸೋದು. ಇದರಲ್ಲಿ ಒಂದು ಮೋಸ ಇದೆ. ಕೋಲು ಹಿಂದೆ ದಪ್ಪ, ಮುಂದೆ ಸಣ್ಣ. ಹಾಗಾಗಿ ಅದು ಹೇಗೂ ಬಾಗಿಕೊಂಡೇ ಉರುಳುತ್ತದೆ. ನೋಡಬೇಕಾದ್ದು ಉರುಳುವ ದಾರಿಯನ್ನಲ್ಲ, ಕೋಲಿಗೂ ಗಾಜಿಗೂ ನಡುವೆ ಕಾಣುವ ಬೆಳಕಿನ ಗೆರೆಯನ್ನು. ಆ ಗೆರೆ ಒಂದೇ ಸಮ ಇದ್ದರೆ ಸರಿ. ಅಗಲ ಆಗಿ, ಕಿರಿದಾಗಿ, ಮತ್ತೆ ಅಗಲ ಆಗುತ್ತಿದ್ದರೆ ವಾಪಸ್ ಕೊಡಿ. ನಮ್ಮ ಡ್ರ್ಯಾಗನ್ ಉಸಿರಾಡುತ್ತಿತ್ತು. "ಬಿಲ್ಕುಲ್ ಸೀದಾ ಹೈ" ಅಂತ ಅಂಗಡಿಯವನು ಹೇಳುತ್ತಿದ್ದಂತೆಯೇ ಹುಡುಗ ತಾನಾಗಿಯೇ ಅದನ್ನು ಬದಿಗಿಟ್ಟ.

ಆಮೇಲೆ ಕಿವಿಯ ಕೆಲಸ. ಜೋಡಿಸಿದ ಕೋಲನ್ನು ಮಧ್ಯದಲ್ಲಿ ಸಡಿಲವಾಗಿ ಹಿಡಿದು, ಹಿಂಭಾಗದ ರಬ್ಬರನ್ನು ನೆಲಕ್ಕೆ ಮೆತ್ತಗೆ ಕುಟ್ಟಿ. ಟಕ್ ಅಂತ ಒಂದೇ ಸದ್ದು ಬಂದರೆ ಒಳ್ಳೆಯದು. ಒಳಗೆ ಏನೋ ಝರ್ ಅಂದರೆ ಎಲ್ಲೋ ಸ್ಕ್ರೂ ಸಡಿಲ, ಇಲ್ಲವೇ ಅಂಟು ಬಿಟ್ಟಿದೆ. ಜೋಡಣೆಯ ಜಾಗದಲ್ಲಿ ಉಗುರು ಆಡಿಸಿ ನೋಡಿ, ಸಂದು ಸಿಗಬಾರದು. ತುದಿಯ ಕೆಳಗಿನ ಬಿಳಿ ಬಳೆ, ಅಂದರೆ ಫೆರೂಲ್, ಬಿರುಕು ಬಿಟ್ಟಿರಬಾರದು. ತುದಿ ಅಂಟಿಸಿದ್ದಾಗಿರಬೇಕು, ಸ್ಕ್ರೂ ತಿರುಗಿಸಿ ಕೂರಿಸಿದ್ದು ಬೇಡ. ಸ್ಕ್ರೂ ತುದಿ ಬದಲಿಸೋದು ಸುಲಭ ಅಂತ ಮಾರುತ್ತಾರೆ. ಬದಲಿಸುವ ಸುಲಭವೇನೋ ಸರಿ, ಅದರಲ್ಲಿ ಆಡುವ ಕಷ್ಟದ ಮಾತೇ ಅವರು ಎತ್ತೋದಿಲ್ಲ.

ತೂಕದ ವಿಷಯದಲ್ಲಿ ಜನ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಪೂಲ್ ಸ್ಟಿಕ್ಕಿನ ತೂಕವನ್ನು ಇಲ್ಲೂ ಔನ್ಸಿನಲ್ಲೇ ಹೇಳೋದು. ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತೊಂದು. ಹತ್ತೊಂಬತ್ತು ಅಂದರೆ ಸುಮಾರು 540 ಗ್ರಾಂ. ಹತ್ತೊಂಬತ್ತು ತಗೊಳ್ಳಿ, ಮುಗೀತು. ಕೈ ಪಳಗಿದ ಮೇಲೆ ಬೇಕಾದರೆ ಬದಲಿಸಬಹುದು. ಎಷ್ಟೋ ಕೋಲುಗಳಲ್ಲಿ ಹಿಂದಿನ ರಬ್ಬರ್ ತೆಗೆದರೆ ಒಳಗೆ ತೂಕದ ಬೋಲ್ಟ್ ಇರುತ್ತದೆ, ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಉದ್ದ 58 ಇಂಚು, ಅದರಲ್ಲಿ ಆಯ್ಕೆಯೇ ಇಲ್ಲ ಅಂದುಕೊಳ್ಳಿ.

ಹಿಡಿಯ ಬಗ್ಗೆ ಮಾತ್ರ ಮುಂಬೈಯವರು ಸ್ವಲ್ಪ ಯೋಚನೆ ಮಾಡಬೇಕು. ಇಲ್ಲಿ ಮೇ ತಿಂಗಳಿನಲ್ಲಿ ಕೈ ಒಣಗಿರೋದು ಅಂತ ಇಲ್ಲವೇ ಇಲ್ಲ. ಎಸಿ ಇದೆ ಅಂತ ಬೋರ್ಡ್ ಇರುವ ಪಾರ್ಲರಿನಲ್ಲೂ ಎಸಿ ಇರೋದು ಬೋರ್ಡಿನಲ್ಲೇ. ಹಿಡಿಗೆ ಲಿನನ್ ದಾರ ಸುತ್ತಿದ್ದರೆ ಅದು ಬೆವರು ಹೀರಿಕೊಳ್ಳುತ್ತದೆ, ಆದರೆ ಕೊಳೆಯನ್ನೂ ಹೀರಿಕೊಳ್ಳುತ್ತದೆ. ಏನೂ ಸುತ್ತದೆ ಬರೀ ಪಾಲಿಶ್ ಇದ್ದರೆ ಒರೆಸೋದು ಸುಲಭ, ಜಾರೋದೂ ಸುಲಭ. ನನ್ನ ಮತ ದಾರಕ್ಕೆ. ಇನ್ನು ಮುಂಭಾಗ. ಹೊಸ ಕೋಲಿನ ವಾರ್ನಿಶ್ ಬೆವರಿದ ಬೆರಳಿಗೆ ಅಂಟಿಕೊಳ್ಳುತ್ತದೆ, ಹೊಡೆಯುವಾಗ ಕೋಲು ತಡೆದು ತಡೆದು ಹೋಗುತ್ತದೆ. ಕೆಲವರು ಪೌಡರ್ ಹಚ್ಚುತ್ತಾರೆ, ಅದು ಬೆವರಿನ ಜೊತೆ ಸೇರಿ ಹಿಟ್ಟಾಗುತ್ತದೆ. ಟೇಬಲಿನ ಬಟ್ಟೆಯೂ ಹಾಳು. ಮೂರು ಬೆರಳಿನ ಗ್ಲೌಸ್ ಸಿಗುತ್ತದೆ, ಅದನ್ನು ಹಾಕಿಕೊಂಡರೆ ಆಯಿತು. ಒಣ ಬಟ್ಟೆಯೊಂದು ಜೇಬಿನಲ್ಲಿದ್ದರೂ ನಡೆಯುತ್ತದೆ.

ಕೊನೆಗೆ ನಮಗೆ ಒಪ್ಪಿಗೆಯಾದದ್ದು ಯಾವ ಚಿತ್ರವೂ ಇಲ್ಲದ, ಕಂದು ಹಿಡಿಯ ಒಂದು ಮೇಪಲ್ ಕೋಲು. ಚೌಕಾಸಿ ಮಾಡಿದ ಮೇಲೆ ಉಳಿದ ದುಡ್ಡಿಗೆ ಗಟ್ಟಿ ಕೇಸು, ತುದಿಗೆ ಹಚ್ಚುವ ಎರಡು ಚಾಕ್ ಬಂದವು. ಅಂಗಡಿಯ ಸಹವಾಸ ಅಲ್ಲಿಗೆ ಮುಗಿಯಿತು, ಕೋಲಿನ ಕೆಲಸ ಮುಗಿದಿರಲಿಲ್ಲ. ಹೊಸ ಕೋಲಿನ ತುದಿ ಎಷ್ಟೋ ಸಲ ಚಪ್ಪಟೆಯಾಗೇ ಬರುತ್ತದೆ. ಅದನ್ನು ಪಾರ್ಲರಿನ ಮಾರ್ಕರ್ ಕೈಗೆ ಕೊಡಬೇಕು. ಸ್ಕೋರ್ ಬರೆಯೋದರಿಂದ ಹಿಡಿದು ತುದಿ ಅಂಟಿಸೋದರ ತನಕ ಎಲ್ಲ ಬಲ್ಲವರು ಇವರೇ. ಇವನ ಪಾರ್ಲರಿನ ಮಾರ್ಕರ್ ಉಪ್ಪುಕಾಗದ ತೆಗೆದುಕೊಂಡು ತುದಿಯನ್ನು ತಿರುಗಿಸಿ ತಿರುಗಿಸಿ ಉಜ್ಜಿದರು. ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಪಕ್ಕಕ್ಕೆ ಹಿಡಿದು ನೋಡಿದರು. ತುದಿಯ ಬಾಗು ನಾಣ್ಯದ ಅಂಚಿನ ಬಾಗಿಗೆ ಹೊಂದಿಕೊಂಡಾಗ ನಿಲ್ಲಿಸಿದರು. "ಬ್ರೇಕ್ ಇದರಲ್ಲಿ ಮಾಡಬೇಡ, ಅದಕ್ಕೆ ನಮ್ಮದೇ ಸಾಕು" ಅಂತ ಒಂದೇ ಮಾತು. ನಿಜ, ತುದಿ ಹೆಚ್ಚು ಏಟು ತಿನ್ನೋದು ಬ್ರೇಕಿನಲ್ಲೇ, ಅಂದರೆ ಗುಂಪಾಗಿ ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತದಲ್ಲೇ.

ಈ ಗುಲಗಂಜಿಯಷ್ಟು ಚರ್ಮದ ಮೇಲೆ ಇಡೀ ಆಟ ನಿಂತಿದೆ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಫ್ರಾನ್ಸಿನ ಸೆರೆಮನೆಯಲ್ಲಿದ್ದ ಮಿಂಗೋ ಅನ್ನುವವನು ಕೋಲಿಗೆ ಚರ್ಮದ ತುದಿ ಹಾಕಿದ ಅನ್ನುತ್ತಾರೆ. ಅದಕ್ಕೂ ಮೊದಲು ಬರೀ ಮರ, ಚೆಂಡಿಗೆ ತಿರುವು ಕೊಡೋಕೆ ಹೋದರೆ ಜಾರುತ್ತಿತ್ತು. ನಾವು ಹಚ್ಚುವ ನೀಲಿ ಚಾಕೂ ಶಾಲೆಯ ಸೀಮೆಸುಣ್ಣ ಅಲ್ಲ. ಅದರಲ್ಲಿ ಇರೋದು ಉಜ್ಜುವ ಗುಣದ ಸಣ್ಣ ಪುಡಿ. ಅಮೆರಿಕದ ಸ್ಪಿಂಕ್ಸ್ ಮತ್ತು ಹಾಸ್ಕಿನ್ಸ್ 1897ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಅದನ್ನು ತುದಿಯ ಮೇಲೆ ಸವರಬೇಕು. ನಮ್ಮ ಹುಡುಗರು ಗೋಡೆಗೆ ಡ್ರಿಲ್ ಹೊಡೆದಂತೆ ಗರಗರ ತಿರುಗಿಸುತ್ತಾರೆ, ಚಾಕಿನ ನಡುವೆ ತೂತು ಬೀಳುತ್ತದೆ, ತುದಿಗೆ ಏನೂ ಹತ್ತೋದಿಲ್ಲ.

ಕೋಲು ಎರಡು ತುಂಡಾಗೋದರ ಬೆಲೆ ಗೊತ್ತಾಗೋದು ಲೋಕಲ್ ಟ್ರೇನಿನಲ್ಲಿ. 58 ಇಂಚು ಅಂದರೆ ಹೆಚ್ಚುಕಡಿಮೆ ಐದಡಿ. ಸಂಜೆ ಆರಕ್ಕೆ ದಾದರಿನಲ್ಲಿ ಐದಡಿಯ ಕೋಲು ಹಿಡಿದು ಹತ್ತಿದರೆ ಇಳಿಯುವಾಗ ಯಾರ ಕಣ್ಣು ಇರುತ್ತದೋ ಹೋಗುತ್ತದೋ. ಅರ್ಧ ಮಾಡಿದರೆ ಮೇಲಿನ ಕಂಬಿಯ ಮೇಲೆ ಆರಾಮವಾಗಿ ಕೂರುತ್ತದೆ. ಉದ್ದನೆಯ ಕರಿ ಕೇಸು ನೋಡಿ ಎದುರಿನ ಹಿರಿಯರು "ಬಾನ್ಸುರಿ?" ಅಂತ ಕೇಳಿದರು. ಹುಡುಗ ಹ್ಞೂಂ ಅಂದ. ಅವರು ಖುಷಿಯಾಗಿ ಕುರ್ಲಾ ದಾಟುವ ತನಕ ಯಮನ್ ರಾಗದ ಬಗ್ಗೆ ಹೇಳಿದರು.

ಅಕ್ಕನಿಗೆ ಕೊಳಲು ಅಂತ ಹೇಳೋ ಹಾಗಿರಲಿಲ್ಲ. "ನೀನರ ತಿಳಿಸಿ ಹೇಳೂದು ಬಿಟ್ಟು ಜೋಡಿ ಹೋಗಿ ಕೊಡಿಸ್ಕೊಂಡು ಬಂದ್ಯಾ?" ಅಂತ ನನ್ನ ಮೇಲೇ ಬಂದಳು. ಪೂಲ್ ಪಾರ್ಲರ್ ಅಂದರೆ ನಮ್ಮ ಮನೆಗಳಲ್ಲಿ ಇಸ್ಪೀಟಿನ ಅಡ್ಡೆಯೇ. ನಾನೂ ತಯಾರಾಗಿದ್ದೆ. ಪುಣೆಯಲ್ಲಿ ಹುಟ್ಟಿದ ವಿಲ್ಸನ್ ಜೋನ್ಸ್ 1958ರಲ್ಲಿ ಇದೇ ಜಾತಿಯ ಆಟವಾದ ಬಿಲಿಯರ್ಡ್ಸಿನಲ್ಲಿ ವಿಶ್ವ ಚಾಂಪಿಯನ್ ಆದ ಕತೆ ಹೇಳಿದೆ. ಮುಂಬೈಯ ಮೈಕೆಲ್ ಫೆರೇರಾ ಹೆಸರು ತೆಗೆದೆ. ಕೊನೆಯ ಅಸ್ತ್ರವಾಗಿ, ಪುಣೆಯಲ್ಲಿ ಹುಟ್ಟಿ ನಮ್ಮ ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಆಡ್ವಾಣಿಯನ್ನೂ ತಂದೆ. ಎಲ್ಲ ಕೇಳಿ ಅಕ್ಕ, "ಅವ್ರೆಲ್ಲಾ ಗೆದ್ದಾರ. ನಿನ್ನ ಅಳಿಯ ಸಿಎ ಪರೀಕ್ಷಾ ಗೆದ್ರ ನನಗ ಸಾಕು" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟಿಕ್ ಮಾತ್ರ ಮನೆಯಲ್ಲಿ ಉಳಿಯಿತು.

ಉಳಿದದ್ದು ಎಲ್ಲಿ ಅನ್ನೋದೂ ಮುಖ್ಯ. ಮರ ತೇವ ಕುಡಿಯುತ್ತದೆ, ಒಣಗಿದಾಗ ಬಿಡುತ್ತದೆ. ಜೂನಿನಿಂದ ಸೆಪ್ಟೆಂಬರಿನ ತನಕ ನಮ್ಮ ಊರಿನಲ್ಲಿ ಗೋಡೆಯೇ ಬೆವರುವಾಗ ಕೋಲು ಎಷ್ಟು ಹೊತ್ತು ನೆಟ್ಟಗಿದ್ದೀತು? ಗೋಡೆಗೆ ಒರಗಿಸಿ ಇಡಲೇಬಾರದು, ತನ್ನ ಭಾರಕ್ಕೇ ಬಾಗುತ್ತದೆ. ಒದ್ದೆ ಬಟ್ಟೆ ಒಣಗಿಸುವ ಕೋಣೆಯಲ್ಲಿ ಬೇಡ. ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಅಂತೂ ಬೇಡವೇ ಬೇಡ. ಒರೆಸಿ, ಬಿಚ್ಚಿ, ಕೇಸಿನಲ್ಲಿ ಹಾಕಿ, ಬೀರುವಿನಲ್ಲಿ ಮಲಗಿಸಬೇಕು. ಅಕ್ಕ ತನ್ನ ರೇಷ್ಮೆ ಸೀರೆಗಳ ಕೆಳಗಿನ ಖಾನೆ ಕೊಟ್ಟಳು. ಬೈಯುತ್ತಲೇ ಕೊಟ್ಟಳು ಅನ್ನಿ.

ಹವೆಗಿಂತ ದೊಡ್ಡ ಕಾಟ ಗೆಳೆಯರದ್ದು. ಸ್ವಂತ ಸ್ಟಿಕ್ ಇದ್ದವನನ್ನು ಕಂಡರೆ ಎಲ್ಲರಿಗೂ ಅದೇ ಬೇಕು. ಕೆಳಗೆ ವಡಾಪಾವ್ ತಿಂದು ಬಂದ ಕೈಯಲ್ಲೇ "ಒಂದ್ ಸಲ ಕೊಡೋ" ಅನ್ನುತ್ತಾರೆ. ಕೊಟ್ಟರೆ ಕೋಲಿಗೆ ಎಣ್ಣೆ, ಕೊಡದಿದ್ದರೆ ಸ್ನೇಹಕ್ಕೆ ಹುಳಿ. ಹುಡುಗ ಇದಕ್ಕೊಂದು ದಾರಿ ಹುಡುಕಿದ್ದಾನೆ. ಯಾರು ಕೇಳಿದರೂ "ನಂದಲ್ಲ, ಮಾಮಾಂದು, ಭಾಳ ಸಿಟ್ಟಿನ ಮನುಷ್ಯ" ಅನ್ನುತ್ತಾನಂತೆ. ಇದು ನನಗೆ ಗೊತ್ತಾದದ್ದು ನಾನೇ ಒಂದು ದಿನ ಆ ಪಾರ್ಲರಿಗೆ ಹೋದಾಗ. ಹೊಕ್ಕ ಕೂಡಲೇ ಬೆಂಚಿನ ಮೇಲಿದ್ದ ಹುಡುಗರು ಎದ್ದು ಜಾಗ ಬಿಟ್ಟರು. ಅದರಲ್ಲೊಬ್ಬ ಸ್ವಲ್ಪ ಹೊತ್ತು ಬಿಟ್ಟು, ಧೈರ್ಯ ಮಾಡಿ ಹತ್ತಿರ ಬಂದ.

"ಅಂಕಲ್, ಒಂದೇ ಒಂದು ಗೇಮ್ ನಿಮ್ಮ ಸ್ಟಿಕ್ಕಿನಲ್ಲಿ ಆಡಲಾ?"

ಅಳಿಯನ ಕಡೆ ನೋಡಿದೆ. ಅವನು ಚಾಕ್ ಹಚ್ಚುವುದರಲ್ಲಿ ಮುಳುಗಿದ್ದ. ನಾನು ಮುಖ ಬಿಗಿ ಮಾಡಿಕೊಂಡು, ಮೊದಲು ಕೈ ತೊಳೆದುಕೊಂಡು ಬಾ ಅಂದೆ.