ಪಕ್ಕದಲ್ಲಿ ನಿಂತು ‘ಹೊಡಿ, ಹೊಡಿ’ ಅನ್ನುವವರಿಗೆ

ನಿನ್ನೆ ಅತ್ತಿಗೆ ಮನೆಯಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಬರೆದೇ ಬಿಡುತ್ತೇನೆ.

ಅತ್ತಿಗೆ, ಅವರ ಎಂಟು ವರ್ಷದ ಮೊಮ್ಮಗಳು ಚೌಕಾಬಾರ ಆಡುತ್ತಿದ್ದರು. ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಐದೈದು ಮನೆ. ಕವಡೆ ಇಲ್ಲ ಅಂತ ನಾಲ್ಕು ಹುಣಸೆ ಬೀಜವನ್ನು ಒಂದು ಕಡೆ ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿಕೊಂಡಿದ್ದರು. ಮಗುವಿಗೆ ಮೂರು ಬಿತ್ತು. ಒಂದು ಕಾಯಿ ನಡೆಸಿದರೆ ಅಜ್ಜಿಯ ಕಾಯಿ ಹೊಡೆಯಬಹುದು. ಇನ್ನೊಂದು ನಡೆಸಿದರೆ ಅದು ಕಟ್ಟೆಗೆ, ಅಂದರೆ ಯಾರೂ ಹೊಡೆಯಲಾಗದ ಮನೆಗೆ, ಸೇರಿ ಉಳಿಯುತ್ತದೆ. ಈಗ ಅದರ ಎರಡು ಮನೆ ಹಿಂದೆಯೇ ಅಜ್ಜಿಯ ಕಾಯಿ ಕಾದಿತ್ತು. ಮಗು ಬೆರಳು ಗಾಳಿಯಲ್ಲಿ ಇಟ್ಟುಕೊಂಡು ನೋಡುತ್ತಾ ಕೂತಿತು.

ಅಷ್ಟರಲ್ಲಿ ಅವಳಪ್ಪ, ‘ಹೊಡಿ, ಹೊಡಿ! ಏನ್ ನೋಡ್ತಿದ್ದೀಯ?’

ಹೊಡೆದಳು. ಹೊಡೆದದ್ದಕ್ಕೆ ಸಿಕ್ಕ ಆಟದಲ್ಲಿ ಒಂದು ಬಿತ್ತು. ಹಿಂದಿದ್ದ ಕಾಯಿಯನ್ನು ಒಂದು ಮನೆ ಮುಂದೆ ಸರಿಸಿದಳು. ಅಜ್ಜಿಗೆ ಮೂರು. ಕಾಯಿ ಹೋಯಿತು. ಆಗ ಅದೇ ಅಪ್ಪ, ‘ಯೋಚನೆ ಮಾಡಿ ಆಡ್ಬೇಕಲ್ವಾ ಪುಟ್ಟಿ?’

ನನಗೆ ತಡೆಯಲಾಗದ ಸಿಟ್ಟು ಬಂತು. ಯೋಚನೆ ಮಾಡುತ್ತಲೇ ಇತ್ತಲ್ಲ ಆ ಮಗು! ಆ ಗಾಳಿಯಲ್ಲಿ ನಿಂತ ಬೆರಳೇ ಯೋಚನೆ. ಅದನ್ನು ಕಿತ್ತುಕೊಂಡವರು ನಾವು.

ನಾನು ನಲಿ-ಕಲಿ ತರಗತಿಯಲ್ಲಿ ಟೀಚರಾಗಿ ವರ್ಷಗಟ್ಟಲೆ ಕಳೆದವಳು. ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ತಮ್ಮ ವೇಗದಲ್ಲೇ ಕಲಿಯೋ ಪದ್ಧತಿ ಅದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದೇ ವಿಷಯ. ಅಲ್ಲಿ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಅಂತಾರೆ. ಶಿಕ್ಷಕರ ಬೆಂಬಲ ಇರುವ ತಟ್ಟೆಯಲ್ಲಿ ಕೂತ ಮಗು, ತಾನೇ ಕಲಿಯುವ ಸ್ವಕಲಿಕೆಯ ತಟ್ಟೆಗೆ ಬರಬೇಕು. ಅಂದರೆ ಟೀಚರ್ ಕೈ ಬಿಡುತ್ತಾ ಹೋಗಬೇಕು. ಕಾರ್ಡು ಕೊಡೋದು ಸುಲಭ, ಬಾಯಿ ಮುಚ್ಚಿಕೊಂಡು ಕೂರೋದು ಕಷ್ಟ. ನನಗೆ ಅದು ರೂಢಿಯಾಗಲು ವರ್ಷಗಳೇ ಬೇಕಾದವು.

‘ಹೇಳಿಕೊಡದೆ ಮಕ್ಕಳು ಹೇಗೆ ಕಲಿಯುತ್ತವೆ?’ ಅಂತ ಕೇಳುತ್ತೀರಿ. ನಿಯಮ ಹೇಳಿಕೊಡಿ. ಒಂದು ಕಾಯಿಯಾದರೂ ಹೊಡೆಯದೆ ಒಳಮನೆಗೆ ಹೋಗುವ ಹಾಗಿಲ್ಲ, ಕಟ್ಟೆಯಲ್ಲಿರುವ ಕಾಯಿಯನ್ನು ಹೊಡೆಯುವ ಹಾಗಿಲ್ಲ, ಇದೆಲ್ಲ ಹೇಳಲೇಬೇಕು. ಯಾವ ಕಾಯಿ ನಡೆಸಬೇಕು ಅನ್ನೋದು ಮಾತ್ರ ಆ ಮಗುವಿನದು. ಸೋತರೆ ಏನಾಗುತ್ತೆ? ಹಣ್ಣಾಗಬೇಕಿದ್ದ ಕಾಯಿ ಮತ್ತೆ ಮೊದಲಿಂದ ಸುತ್ತುತ್ತದೆ, ಅಷ್ಟೇ.

ಪುಣ್ಯಕ್ಕೆ ಅಪ್ಪನಿಗೆ ಫೋನ್ ಬಂತು, ಹೊರಗೆ ಹೋದ. ಎರಡನೇ ಆಟ ಶುರುವಾಯಿತು. ಮಗು ತನ್ನಷ್ಟಕ್ಕೆ ಗೊಣಗುತ್ತಿತ್ತು, ‘ಅಜ್ಜಿಗೆ ಎರಡು ಬಿದ್ರೆ ಇದು ಹೋಗುತ್ತೆ, ನಾಲ್ಕು ಬಿದ್ರೆ ಅದು...’ ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತಿ ಕೇಳಿತು, ‘ಅಜ್ಜಿ, ಎರಡೇ ಜಾಸ್ತಿ ಬೀಳುತ್ತೆ ಅಲ್ವಾ? ಚೌಕ, ಬಾರ ಬೀಳೋದೇ ಇಲ್ಲ.’

ನನ್ನ ಮೈ ಜುಮ್ಮೆಂದಿತು. ಬೀಜ ಎರಡೂ ಕಡೆಗೆ ಸಮವಾಗಿ ಬೀಳುತ್ತೆ ಅಂದುಕೊಂಡರೆ ನಾಲ್ಕು ಬೀಜ ಬೀಳೋಕೆ 16 ದಾರಿ. ಅದರಲ್ಲಿ ಎರಡು ಬೀಳೋಕೆ 6, ನಾಲ್ಕೂ ಬಿಳಿ ಮೇಲಾಗಿ ಬೀಳುವ ಚೌಕಕ್ಕೆ 1, ಒಂದೂ ಬಿಳಿ ಮೇಲಾಗದ ಬಾರಕ್ಕೆ 1. ದೊಡ್ಡ ಕ್ಲಾಸಿನಲ್ಲಿ ಸಂಭವನೀಯತೆ ಅಂತ ಕಲಿಸುವ ಪಾಠ ಇದು. ಎರಡನೇ ಆಟ ಮುಗಿಯುವಷ್ಟರಲ್ಲಿ ಎಂಟು ವರ್ಷದ ಮಗು ಇದನ್ನು ತಾನೇ ಕಂಡುಕೊಂಡಿತ್ತು. ಅತ್ತಿಗೆ ‘ಹೌದೇನೋ, ನೋಡು’ ಅಂದರು, ಅಷ್ಟೇ. ಆ ‘ನೋಡು’ ಅನ್ನೋ ಮಾತಿಗೆ ಕೈ ಮುಗಿಯಬೇಕು ಅನ್ನಿಸಿತು.

ನನಗೆ ಇಷ್ಟು ಕೋಪ ಯಾಕೆ ಅಂತ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಕಲಿತದ್ದನ್ನು ನಾನು ಮನೆಯಲ್ಲಿ ಪಾಲಿಸಲಿಲ್ಲ. ನನ್ನ ಮಗ ಹುಲಿ-ಕುರಿ ಆಡುವಾಗ ಪ್ರತಿ ಸಲವೂ ಅವನ ಕೈ ಹಿಡಿದು ಕುರಿ ಇಡಿಸುತ್ತಿದ್ದೆ. ಒಂದು ದಿನ ಅವನು ‘ನೀನೇ ಆಡಮ್ಮ’ ಅಂತ ಎದ್ದು ಹೋದ. ಮತ್ತೆ ಆ ಮಣೆ ಮುಂದೆ ಕೂರಲಿಲ್ಲ.

ಅದೇ ಮಗ ಮುಂದಿನ ತಿಂಗಳು ತನ್ನ ಮಗಳನ್ನು ಕರೆದುಕೊಂಡು ಬರುತ್ತಾನೆ. ಇವತ್ತು ಬೆಳಿಗ್ಗೆ ನಾಲ್ಕು ಹುಣಸೆ ಬೀಜ ಉಜ್ಜಿಟ್ಟಿದ್ದೇನೆ.