ರೈಫಲ್ ಆಮೇಲೆ ತಗೊಳ್ಳಿ, ಮೊದ್ಲು ನಿಲ್ಲೋದು ಕಲೀಲಿ

ನಮ್ಮೂರು ವಿರಾಜಪೇಟೆ ಕಡೆ, ಈಗ ಇರೋದು ಜರ್ಮನಿಯ ಮ್ಯೂನಿಕ್ ಹತ್ರ. ಕೋವಿ ನಮ್ಗೆ ಹೊಸದಲ್ಲ, ಕೊಡವರ ಆಯುಧ ಪೂಜೆ ಹಬ್ಬ ಕೈಲ್ ಪೊಳ್ದ್ ಬಂತಂದ್ರೆ ಕೋವಿ ಒರೆಸಿ ಎಣ್ಣೆ ಹಾಕಿ, ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ದೀಪದ ಮುಂದೆ ಇಟ್ಟು, ಆಮೇಲೆ ಊರೋರೆಲ್ಲ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯೋದು ನೋಡ್ಕೊಂಡೇ ಬೆಳೆದಿದ್ದು. ಇಲ್ಲಿ ಬವೇರಿಯಾದಲ್ಲೂ ಹಳ್ಳಿಹಳ್ಳಿಗೆ ಶೂಟಿಂಗ್ ಕ್ಲಬ್ ಇದೆ. ಜರ್ಮನ್ ಶೂಟರ್‌ಗಳ ಒಕ್ಕೂಟ ಹುಟ್ಟಿದ್ದು 1861ರಲ್ಲಿ, ಕೊಡಗಿನವ್ರಿಗೆ ಲೈಸೆನ್ಸ್ ಇಲ್ದೆ ಕೋವಿ ಇಟ್ಕೊಳ್ಳೋ ವಿನಾಯಿತಿ ಸಿಕ್ಕಿದ್ದೂ ಅದೇ ವರ್ಷ.

ಆದ್ರೆ ಕಲಿಸೋ ರೀತಿ ಮಾತ್ರ ತುಂಬಾ ಬೇರೆ. ನಾನು ಹೋಗೋ ಕ್ಲಬ್ಬಲ್ಲಿ ಹೊಸಬ್ರಿಗೆ ಏರ್ ರೈಫಲ್ (ಗಾಳಿ ಒತ್ತಡದಲ್ಲಿ ಹೊಡೆಯೋದು), ಶೂಟಿಂಗ್ ಜಾಕೆಟ್ ಎಲ್ಲ ಕ್ಲಬ್ಬಿಂದೇ ಕೊಡ್ತಾರೆ, ಶುರುವಲ್ಲಿ ಪೆಲೆಟ್, ಅಂದ್ರೆ ಅದರ ಸಣ್ಣ ಗುಂಡು, ಮಾತ್ರ ಕೊಡಲ್ಲ, ಖಾಲಿ ಟ್ರಿಗರ್ ಒತ್ತೋದೇ ಕೆಲಸ. ಕಣ್ಣು ಮುಚ್ಚಿ ರೈಫಲ್ ಎತ್ತು, ಎರಡು ಸಲ ಉಸಿರು ಬಿಡು, ಕಣ್ಣು ತೆಗಿ, ಸೈಟ್ (ಗುರಿ ನೋಡೋ ಭಾಗ) ಟಾರ್ಗೆಟ್‌ಗಿಂತ ಎಡಕ್ಕಿದ್ರೆ ಕೈಯಲ್ಲಿ ಎಳೀಬೇಡ, ಪಾದ ಸ್ವಲ್ಪ ಸರಿಸು ಅಂತಾರೆ. ಯಾಕಂದ್ರೆ ಕೈಯಲ್ಲಿ ಎಳೆದು ಹಿಡಿದ್ರೆ ಟ್ರಿಗರ್ ಒತ್ತೋ ಹೊತ್ತಿಗೆ ಸ್ನಾಯು ಸಡಿಲ ಆಗಿ ರೈಫಲ್ ತನ್ನ ಜಾಗಕ್ಕೇ ವಾಪಸ್ ಹೋಗುತ್ತೆ. ಬಲಗೈಯವ್ರಾದ್ರೆ ಎಡ ಮೊಣಕೈ ಸೊಂಟದ ಮೂಳೆ ಮೇಲೆ ಕೂರ್ಬೇಕು, ಭಾರ ಮೂಳೆ ಹೊರ್ಬೇಕು. ಗುಂಡು ಹೋದ್ಮೇಲೂ ಒಂದೆರಡು ಸೆಕೆಂಡು ಸೈಟ್ ನೋಡ್ತಾನೇ ಇರ್ಬೇಕು, ತಲೆ ಎತ್ತಿದ್ರೆ ಬೈಗುಳ ಗ್ಯಾರಂಟಿ.

ಬೆಂಗಳೂರಲ್ಲಿರೋ ನಮ್ಮ ನೆಂಟರ ಹುಡುಗಿ ಏರ್ ರೈಫಲ್ ಶುರು ಮಾಡ್ತೀನಿ ಅಂದಾಗ ಮನೆಯವ್ರು ನಂಗೆ ಫೋನ್ ಮಾಡಿ ಕೇಳಿದ ಮೊದಲ ಪ್ರಶ್ನೆ, ವಾಲ್ತರ್ ಕಂಪನಿ ರೈಫಲ್ ತಗೊಳ್ಳೋದಾ ಫೈನ್‌ವರ್ಕ್‌ಬೌ ತಗೊಳ್ಳೋದಾ ಅಂತ. ಲಕ್ಷಗಟ್ಟಲೆ ದುಡ್ಡು, ಬೆಳೆಯೋ ಮಗು, ಜಾಕೆಟ್ ಬೇಗ ಚಿಕ್ಕದಾಗುತ್ತೆ, ಇನ್ನೂ ನೆಟ್ಟಗೆ ನಿಲ್ಲೋಕೇ ಬರಲ್ಲ. ನಂಗೆ ಇದು ನಿಜವಾಗ್ಲೂ ಬೇಜಾರಿನ ವಿಷ್ಯ, ದುಡ್ಡಿಲ್ಲದ ಮನೆ ಮಕ್ಕಳು ಬಾಗಿಲಲ್ಲೇ ವಾಪಸ್ ಹೋಗ್ತಾರಲ್ಲ. ಒಲಿಂಪಿಕ್ಸ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾಗೆ ಮನೇಲೇ ರೇಂಜ್ ಇತ್ತು, ಒಳ್ಳೇ ರೈಫಲ್ ಇತ್ತು, ಆದ್ರೂ ಅವ್ರು ಕೋಚಿಂಗ್‌ಗೆ ಅಂತ ಇಲ್ಲಿ ಡಾರ್ಟ್‌ಮುಂಡ್‌ಗೆ ಬರ್ತಿದ್ರು. 2008ರಲ್ಲಿ ಬೀಜಿಂಗಲ್ಲಿ ಕೊನೇ ಗುಂಡಿಗೆ 10.9ಕ್ಕೆ 10.8 ಪಾಯಿಂಟ್ ಬಂದಿದ್ದರ ಹಿಂದೆ ಅಷ್ಟು ಕಲಿಕೆ ಇತ್ತು.

ಹಂಗಂತ ಸಾಮಾನು ಮುಖ್ಯ ಅಲ್ಲ ಅನ್ನಲ್ಲ. 10 ಮೀಟರಲ್ಲಿ ಹತ್ತು ಪಾಯಿಂಟಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಪೆಲೆಟ್ಟೇ 4.5 ಮಿಲಿಮೀಟರ್. ಅದಕ್ಕೇ ಇಲ್ಲಿ ರೈಫಲ್‌ನ ಕ್ಲ್ಯಾಂಪಿಗೆ ಕಚ್ಚಿಸಿ ಬೇರೆಬೇರೆ ಲಾಟ್ (ಒಂದೇ ಸಲ ತಯಾರಾದ ಕಂತು) ಪೆಲೆಟ್ ಹೊಡೆದು ನೋಡ್ತಾರೆ, 4.49 ತಲೆದು, 4.50 ತಲೆದು, ಒಂದೇ ಕಂಪನಿದೇ ಆದ್ರೂ ಒಂದು ಲಾಟ್ ಒಂದೇ ತೂತಲ್ಲಿ ಹೋಗುತ್ತೆ ಇನ್ನೊಂದು ಹರಡ್ಕೊಳ್ಳುತ್ತೆ. ಆಮೇಲೆ ಭುಜಕ್ಕೆ ಒತ್ತಿ ಹಿಡಿಯೋ ಬಟ್‌ಪ್ಲೇಟು, ಕೆನ್ನೆ ಇಡೋ ಪಟ್ಟಿ, ಇವನ್ನ ಮೈಗೆ ಸರಿಯಾಗಿ ಕೂರಿಸೋದು. ಹಳೇ ರೈಫಲ್ಲೇ ಇರ್ಲಿ, ಇಷ್ಟು ಮಾಡಿದ್ರೆ ಹೊಸ ರೈಫಲ್‌ಗಿಂತ ಜಾಸ್ತಿ ಪಾಯಿಂಟ್ ಬರುತ್ತೆ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಕೊಡಗಿನ ರೀತೀಲಿ ಇಲ್ಲಿಯವ್ರಿಗೆ ಇಲ್ಲದ್ದೊಂದಿದೆ. ಇಲ್ಲಿ ಮೊದ್ಲು ಬೇಕಾದಷ್ಟು ಟ್ರಯಲ್ ಗುಂಡು, ಆಮೇಲೆ ಲೆಕ್ಕದ್ದು. ತೆಂಗಿನಕಾಯಿ ಮುಂದೆ ಹಂಗಿಲ್ಲ, ಯಾರದ್ದೋ ಕೋವಿ, ಗಾಳಿ, ಸುತ್ತ ಊರೆಲ್ಲ ಕೂಗ್ತಿರುತ್ತೆ, ಮೊದಲ ಗುಂಡೇ ಲೆಕ್ಕ. ಆ ಒತ್ತಡದಲ್ಲಿ ನಿಂತು ಹೊಡೆಯೋದೂ ಪ್ರಾಕ್ಟೀಸೇ, ಅದನ್ನ ಇಲ್ಲಿಯ ಹುಡುಗ್ರಿಗೂ ಮಾಡಿಸ್ಬೇಕು ಅಂತ ಕ್ಲಬ್ಬಲ್ಲಿ ಹೇಳ್ತಾನೇ ಇರ್ತೀನಿ.

ನಮ್ಮೂರ ಕಡೆ ಕ್ಲಬ್ಬು ಶಾಲೆ ನಡೆಸೋರಿಗೆ ನನ್ನ ಮನವಿ ಇಷ್ಟೇ. 10 ಮೀಟರ್ ಲೇನ್‌ಗೆ ದೊಡ್ಡ ಜಾಗ ಬೇಡ, ಒಂದು ಉದ್ದನೆ ಖಾಲಿ ಗೋಡೌನು, ಹಿಂದ್ಗಡೆ ಗಟ್ಟಿ ತಡೆ, ಒಳ್ಳೇ ಲೈಟು, ಜವಾಬ್ದಾರಿ ಇರೋ ಒಬ್ರು ಕೋಚ್. ಮಕ್ಕಳಿಗೆಲ್ಲ ಸೇರಿ ಬಳಸೋಕೆ ಮೂರ್ನಾಲ್ಕು ಅಡ್ಜಸ್ಟ್ ಮಾಡೋಕಾಗೋ ರೈಫಲ್ ತಗೊಳ್ಳಿ, ಅದ್ರಲ್ಲಿ ಒಂದಾದ್ರೂ ಎಡಗೈಯವ್ರಿಗೆ ಇರ್ಲಿ.