ವಿಮರ್ಶೆಯಿಂದ ಕಥೆಯ ಸೊಗಸು ಕೆಡುವುದಿಲ್ಲ

ಅಜ್ಜಿಯ ಕಥೆಗಳನ್ನು ಕೇಳುತ್ತ ಬೆಳೆದ ವಿದ್ಯಾರ್ಥಿನಿಯೊಬ್ಬರು, ಎಂ.ಎ. ತರಗತಿಯ ವಿಮರ್ಶೆಯಿಂದ ಆ ಕಥೆಗಳ ಸೊಗಸು ಹೋಗಿಬಿಡುವುದೇ ಎಂದು ಅಂಜಿದ್ದನ್ನು ನಾನು ಓದಿದ ಲೇಖನವೊಂದು ಪ್ರಾಮಾಣಿಕವಾಗಿ ಹೇಳಿದೆ. ಆ ಅಂಜಿಕೆ ಬೇಕಿಲ್ಲವೆಂದು ನನ್ನ ಅನಿಸಿಕೆ. ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಸಂಗ್ರಹಿಸಿ ಚರ್ಚಿಸಿದ ಕನ್ನಡ ಜನಪದ ಕಥೆಯೊಂದನ್ನು ನೋಡಿ: ಒಂದು ಕಥೆ, ಒಂದು ಹಾಡು ಗೊತ್ತಿದ್ದ ಹೆಂಗಸು ಅವನ್ನು ಯಾರಿಗೂ ಹೇಳದೆ ಇಟ್ಟುಕೊಂಡಾಗ, ಒಳಗೇ ಉಸಿರುಗಟ್ಟಿದ ಕಥೆ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಬಾಗಿಲಾಚೆ ಒಂದು ಜೊತೆ ಪಾದರಕ್ಷೆಯಾಗುತ್ತದೆ, ಹಾಡು ಗೂಟಕ್ಕೆ ನೇತುಬಿದ್ದ ಗಂಡಸಿನ ಅಂಗಿಯಾಗುತ್ತದೆ, ಗಂಡ ಸಂಶಯಪಟ್ಟು ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗುತ್ತಾನೆ. ಅಲ್ಲಿ ರಾತ್ರಿ ಸೇರುವ ಊರಿನ ದೀಪದ ಕುಡಿಗಳ ಮಾತಿನಿಂದಲೇ ಅವನಿಗೆ ನಿಜ ತಿಳಿಯುವುದು. ಕೇಳುವಾಗ ಈ ಬೆರಗೇ ಸಾಕಾಗುತ್ತದೆ. ವಿಶ್ಲೇಷಣೆಗೆ ಕುಳಿತಾಗಲಾದರೋ, ಸತ್ಯವನ್ನು ಕೇಳಿಸಿಕೊಳ್ಳುವ ಅವಕಾಶ ಅನುಮಾನಪಟ್ಟವನಿಗಷ್ಟೇ ಸಿಕ್ಕಿತೆಂಬುದೂ, ಅವನು ಮರಳಿ ಬಂದು ಕೇಳುವಷ್ಟರಲ್ಲಿ ಅವಳು ಎರಡನ್ನೂ ಮರೆತಿರುತ್ತಾಳೆಂಬುದೂ ಕಣ್ಣಿಗೆ ಬೀಳುತ್ತವೆ. ಹೇಳದೆ ಉಳಿದ ಮಾತು ಹೆಣ್ಣಿನ ಮೇಲೆಯೇ ಅಪವಾದವಾಗಿ ತಿರುಗುವ ಬಗೆಯನ್ನು ಕಥೆ ಎಷ್ಟು ಜಾಣತನದಿಂದ ಕಟ್ಟಿದೆ! ಇದನ್ನು ಗಮನಿಸಿದ ಮೇಲೆ ಆ ಕಥೆ ನನಗೆ ಇನ್ನಷ್ಟು ಪ್ರಿಯವಾಗಿದೆ. ವಿದ್ಯಾರ್ಥಿನಿ ತಮ್ಮ ಪ್ರಬಂಧದಲ್ಲಿ ಆಶಯಗಳ (ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಅಂಶಗಳ) ಪಟ್ಟಿ ಕೊಟ್ಟು ನಿಲ್ಲಿಸದೆ, ಅಜ್ಜಿ ಎಲ್ಲಿ ದನಿ ತಗ್ಗಿಸುತ್ತಿದ್ದರು, ಯಾರ ಮುಂದೆ ಯಾವ ಕಥೆಯನ್ನು ಹೇಳುತ್ತಿರಲಿಲ್ಲ ಎಂಬುದನ್ನೂ ದಯವಿಟ್ಟು ಬರೆಯಲಿ.